ನನ್ನ ಸಾಕ್ಷಿಯಲ್ಲಿ ಹೇಳದೆ ಬಿಟ್ಟಿದ್ದು

ದೇವರು ತನ್ನ ಬದುಕನ್ನು ಹೇಗೆ ಬದಲಿಸಿದನೆಂದು ಸಭೆಯ ಮುಂದೆ ನಿಂತು ಹೇಳುವುದಕ್ಕೆ ನಾವು ಕ್ರೈಸ್ತರು ಸಾಕ್ಷಿ ಎನ್ನುತ್ತೇವೆ. ನನ್ನ ಸಾಕ್ಷಿ ಹೇಳಿ ಮುಗಿಸಲು ಹನ್ನೆರಡು ನಿಮಿಷ ಬೇಕಾಗುತ್ತಿತ್ತು. ಆರು ವರ್ಷ ಅದನ್ನೇ ಹೇಳಿದೆ. ಹುಲಕೋಟಿ, ಅಣ್ಣಿಗೇರಿ, ರೋಣ, ಗುಳೇದಗುಡ್ಡ, ಹುಬ್ಬಳ್ಳಿ, ಎಲ್ಲಿ ಕರೆದರೂ ಹೋಗಿ ನಿಂತು ಹೇಳಿದೆ. ಯಾವ ಮಾತಿಗೆ ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಗುತ್ತದೆ, ಯಾವ ಮಾತಿಗೆ ಹಿಂದಿನ ಬೆಂಚಿನ ಹುಡುಗರು ತಲೆ ಎತ್ತುತ್ತಾರೆ ಎಂಬುದು ಬಾಯಿಪಾಠವಾಗಿತ್ತು. ಅದರಲ್ಲಿ ಸುಳ್ಳಿರಲಿಲ್ಲ. ಕುಡುಕನಾಗಿದ್ದೆ, ಮೋಸಗಾರನಾಗಿದ್ದೆ, ಯೇಸು ನನ್ನನ್ನು ಬಿಡಿಸಿದನು. ಇವತ್ತಿಗೂ ಅದು ನಿಜ. ಆದರೆ ಆ ಹನ್ನೆರಡು ನಿಮಿಷದಲ್ಲಿ ಬರುತ್ತಿದ್ದ ಪಾಪಗಳೆಲ್ಲ ಮುಗಿದುಹೋದ ಪಾಪಗಳು. ಆ ವಾರ, ಆ ದಿನ ನಾನು ಮಾಡಿ ಬಂದಿದ್ದ ಪಾಪ ಅದರಲ್ಲಿ ಒಂದೂ ಇರುತ್ತಿರಲಿಲ್ಲ.

ಅದನ್ನು ಇಲ್ಲಿ ಬರೆಯುತ್ತೇನೆ. ಹೆಂಡತಿಯನ್ನು ಕೇಳಿಯೇ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಗದಗದ ಪಕ್ಕದ ಬೆಟಗೇರಿಯಲ್ಲಿ, ಮಗ್ಗದ ಮನೆಯಲ್ಲಿ. ಸ್ವಿಟ್ಜರ್ಲೆಂಡಿನಿಂದ ಸುವಾರ್ತೆ ಸಾರಲು ಹೊರಟ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಧಾರವಾಡ, ಹುಬ್ಬಳ್ಳಿಯಲ್ಲಿ ನೆಲೆಯೂರಿ, 1840ರ ದಶಕದಲ್ಲಿ ನಮ್ಮ ಕಡೆ ಬಂದರು. ಅವರಲ್ಲಿ ಬಹಳ ಜನ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದಲ್ಲಿ ಬೆಳೆದವರು. ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಆಗಲಿಲ್ಲ, ಒಬ್ಬೊಬ್ಬನ ಹೃದಯವೂ ದೇವರ ಕಡೆ ತಿರುಗಬೇಕು ಎಂಬುದು ಅವರ ಪಟ್ಟು. ಅದನ್ನು ಹೇಳಲೆಂದೇ ಸಮುದ್ರ ದಾಟಿ ಬಂದವರು ಅವರು. ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ನಮ್ಮ ಮನೆಯಲ್ಲಿ ಉಳಿದದ್ದು ಸಭೆಯ ರಿಜಿಸ್ಟರಿನ ಹೆಸರು, ಕ್ರಿಸ್ಮಸ್ಸಿನ ಕರ್ಚಿಕಾಯಿ, ಗೋಡೆಯ ಮೇಲೊಂದು ವಚನ. ಕೂಸಿದ್ದಾಗ ನನಗೆ ದೀಕ್ಷಾಸ್ನಾನವಾಯಿತು. 1990ರಲ್ಲಿ ದೃಢೀಕರಣವಾಯಿತು, ಅಂದರೆ ನನ್ನ ಬಾಯಿಂದಲೇ ನಂಬಿಕೆ ಒಪ್ಪಿಕೊಂಡು ಸಭೆಯ ಪೂರ್ಣ ಸದಸ್ಯನಾದೆ. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ ಒಂದು ಅಕ್ಷರ ತಪ್ಪದಂತೆ ಒಪ್ಪಿಸಿ ಅಯ್ಯನವರ, ಅಂದರೆ ನಮ್ಮ ಪಾದ್ರಿಗಳ, ಕೈಯಲ್ಲಿ ಶಹಬ್ಬಾಸ್ ಅನ್ನಿಸಿಕೊಂಡೆ. ಇಪ್ಪತ್ತೆರಡಕ್ಕೆ ಕುಡಿಯಲು ಶುರು ಮಾಡಿದೆ.

ಮಗ್ಗ ಅಪ್ಪನ ಕಾಲಕ್ಕೇ ನಿಂತಿತ್ತು. ನಾನು ಮೋಟಾರ್ ವೈಂಡಿಂಗ್ ಕಲಿತೆ. ರೈತರ ಬೋರಿನ ಸಬ್‌ಮರ್ಸಿಬಲ್ ಮೋಟಾರು ಸುಟ್ಟರೆ ಅದನ್ನು ಮೇಲೆತ್ತಿ, ಬಿಚ್ಚಿ, ಸುಟ್ಟ ತಂತಿ ಕಿತ್ತು, ಸ್ಲಾಟು ಸ್ವಚ್ಛ ಮಾಡಿ, ಹೊಸ ತಂತಿ ಸುತ್ತಿ ಕೊಡುವ ಕೆಲಸ. ಈ ಕೆಲಸದಲ್ಲಿ ಮೋಸ ಸುಲಭ, ಯಾಕೆಂದರೆ ಒಳಗಿನ ತಂತಿ ರೈತನ ಕಣ್ಣಿಗೆ ಬೀಳುವುದಿಲ್ಲ. ಇರಬೇಕಾದ್ದಕ್ಕಿಂತ ಒಂದು ಗೇಜು ಸಣ್ಣ ತಂತಿ ಹಾಕಿದರೆ ತಾಮ್ರ ಉಳಿಯುತ್ತದೆ. ಕಿತ್ತ ಹಳೇ ತಾಮ್ರದ ತೂಕದಲ್ಲೂ ಒಂದಷ್ಟು ಉಳಿಯುತ್ತದೆ. ಮೋಟಾರು ಓಡುತ್ತದೆ. ಆದರೆ ಬೇಸಿಗೆಯಲ್ಲಿ ವೋಲ್ಟೇಜು ಇಳಿದಾಗ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ಸಣ್ಣ ತಂತಿ ಕಾದು ಮತ್ತೆ ಸುಡುತ್ತದೆ. ಆಗ ತಪ್ಪನ್ನು ಲೈನಿನ ಮೇಲೆ ಹೊರಿಸಿದರಾಯಿತು.

2005ರ ಮಾರ್ಚಿನಲ್ಲಿ ಒಬ್ಬ ರೈತರ ಹೊಲಕ್ಕೆ ಹೋದೆ. ಏಳೂವರೆ ಎಚ್‌ಪಿ ಮೋಟಾರು, ನಾನೇ ಸುತ್ತಿಕೊಟ್ಟದ್ದು, ತಿಂಗಳೊಪ್ಪತ್ತಿನಲ್ಲಿ ಸುಟ್ಟಿತ್ತು. ಹಿಂದಿನ ರಾತ್ರಿಯ ಸಾರಾಯಿ ಇನ್ನೂ ತಲೆಯಲ್ಲಿತ್ತು. ಚೈನ್ ಪುಲ್ಲಿ ಕಟ್ಟಿ ಪೈಪು ಒಂದೊಂದಾಗಿ ಮೇಲೆಳೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಬದುವಿನಾಚೆ ಎರಡು ಎಕರೆ ಉಳ್ಳಾಗಡ್ಡಿ. ಗಡ್ಡೆ ಕೂಡುವ ಹೊತ್ತಿಗೆ ನೀರು ನಿಂತು, ಎಲೆಯ ತುದಿ ಹಳದಿಯಾಗಿ ಒರಗಿತ್ತು. ಬೈಗುಳಕ್ಕೆ ನಾನು ತಯಾರಾಗಿ ಬಂದಿದ್ದೆ, ಲೈನಿನ ಕಥೆಯೂ ತಯಾರಿತ್ತು. ಆ ಹಿರಿಯರು ಬಯ್ಯಲಿಲ್ಲ. ಗುಡಿಸಲೊಳಗಿಂದ ಒಂದು ಚರಿಗೆ ಮಜ್ಜಿಗೆ ತಂದು, "ಬಿಸಲಾಗ ದುಡಿಯಾಕತ್ತೀಯಪ್ಪಾ, ಮದ್ಲ ಇದನ್ನ ಕುಡಿ" ಅಂದರು. ನನ್ನನ್ನು ನಂಬಿದ್ದರು. ಅವರ ಉಳ್ಳಾಗಡ್ಡಿ ಒಣಗಿಸಿದವನು ನಾನು, ನನಗೇ ಮಜ್ಜಿಗೆ ಕೊಡುತ್ತಿದ್ದರು.

ಕೊರಳಲ್ಲಿ ಅದು ಇಳಿಯಲಿಲ್ಲ.

ಆ ರಾತ್ರಿ ಕುಡಿಯದೆ ಮನೆಗೆ ಬಂದೆ. ಅವ್ವನ ಸತ್ಯವೇದ (ಬೈಬಲ್) ತೆಗೆದು ಯೋಹಾನನ ಸುವಾರ್ತೆಯ ಮೂರನೇ ಅಧ್ಯಾಯ ಓದಿದೆ. ಸಂಡೇ ಸ್ಕೂಲಿನಲ್ಲಿ ನೂರು ಸಲ ಕೇಳಿದ ಕಥೆ. ನಿಕೊದೇಮನು ರಾತ್ರಿ ಹೊತ್ತು ಯೇಸುವಿನ ಬಳಿ ಬರುತ್ತಾನೆ. ಶಾಸ್ತ್ರ ಬಲ್ಲವನು, ಊರಿಗೆ ದೊಡ್ಡವನು. ಹೊಸದಾಗಿ ಹುಟ್ಟದ ಹೊರತು ದೇವರ ರಾಜ್ಯ ಕಾಣಲಾರೆ ಎಂದು ಯೇಸು ಹೇಳಿದರೆ, ಮುದುಕನಾದ ಮೇಲೆ ತಾಯಿಯ ಗರ್ಭಕ್ಕೆ ಹೋಗಲಾದೀತೇ ಎಂದು ಕೇಳುತ್ತಾನೆ. ಎಲ್ಲ ಬಾಯಿಪಾಠವಿದ್ದೂ ಏನೂ ಆಗದ ಮನುಷ್ಯ. ಓದುತ್ತ ಓದುತ್ತ ಅದು ನಾನೇ ಅನ್ನಿಸಿತು. ನೆಲಕ್ಕೆ ಹಣೆ ಹಚ್ಚಿ ಅತ್ತೆ. ಬೆಳಕು ಕಾಣಲಿಲ್ಲ, ದನಿ ಕೇಳಲಿಲ್ಲ. "ನಾನು ಕೆಟ್ಟವನು, ನನ್ನನ್ನು ತೊಗೋ" ಎಂದು ಎಷ್ಟು ಸಲ ಹೇಳಿದೆನೋ. ಏಳುವಾಗ ಎದೆಯ ಮೇಲಿದ್ದ ಕಲ್ಲು ಯಾರೋ ಇಳಿಸಿದಂತಿತ್ತು. ಅಂದಿನಿಂದ ಇವತ್ತಿನವರೆಗೆ, ಬಹಳ ಕೆಟ್ಟ ದಿನಗಳಲ್ಲೂ, ನಾನು ದೇವರಿಗೆ ಬೇಡವಾದವನು ಎಂಬ ಭಾವ ಪೂರ್ತಿಯಾಗಿ ಮರಳಿ ಬಂದಿಲ್ಲ.

ನಮ್ಮ ಓಣಿಯ ಗೆಳೆಯರೊಬ್ಬರು ಇದನ್ನು ಕೇಳಿ, "ಅಂದ್ರ ನಿಮ್ಮಲ್ಲೂ ಪುನರ್ಜನ್ಮ ಐತೇನು?" ಎಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ನಮ್ಮ ಭಾಷೆಯಲ್ಲಿ ಆ ಪದಕ್ಕೆ ಸತ್ತ ಮೇಲಿನ ಇನ್ನೊಂದು ಜನ್ಮ ಎಂಬ ಅರ್ಥವೇ ಗಟ್ಟಿ. ಅದಕ್ಕೇ ನಾನು ಹೊಸಹುಟ್ಟು ಎನ್ನುತ್ತೇನೆ. ಸುವಾರ್ತೆಯ ಮೂಲ ಗ್ರೀಕಿನಲ್ಲಿ ಅಲ್ಲಿರುವುದು 'ಆನೋಥೆನ್' ಎಂಬ ಪದ. ಅದಕ್ಕೆ 'ಮತ್ತೊಮ್ಮೆ' ಎಂದೂ 'ಮೇಲಿನಿಂದ' ಎಂದೂ ಎರಡು ಅರ್ಥ. ನಿಕೊದೇಮ ಮೊದಲನೆಯ ಅರ್ಥ ಹಿಡಿದು ಗೊಂದಲಕ್ಕೆ ಬಿದ್ದ. ಮೇಲಿನಿಂದ ಬರುವ ಹುಟ್ಟು, ಇದೇ ಜನ್ಮದಲ್ಲಿ, ಇದೇ ಮೈಯಲ್ಲಿ. ಇದೇ ಮೈಯಲ್ಲಿ ಎಂಬುದು ಎಷ್ಟು ಭಾರದ ಮಾತು ಎಂದು ನನಗಾಗ ಗೊತ್ತಿರಲಿಲ್ಲ.

ಕುಡಿತ ಬಿಟ್ಟಿತು. ಸಾಕ್ಷಿಯಲ್ಲಿ ನಾನು ಹೇಳುತ್ತಿದ್ದದ್ದು, "ಆ ರಾತ್ರಿಯಿಂದ ಒಂದು ಹನಿ ಮುಟ್ಟಿಲ್ಲ" ಎಂದು. ನಿಜವೇ. ಹೇಳದೆ ಬಿಡುತ್ತಿದ್ದದ್ದು ಏನೆಂದರೆ, ಎರಡನೇ ದಿನ ಕೈ ನಡುಗಿ, ಮೈ ಬೆವತು, ಗೋಡೆಯ ಮೇಲೆ ಇಲ್ಲದ್ದೆಲ್ಲ ಕಾಣತೊಡಗಿ, ಹೆಂಡತಿ ರಿಕ್ಷಾದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದಳು. ಡಾಕ್ಟರು ನಾಲ್ಕು ದಿನ ಇಟ್ಟುಕೊಂಡರು, ಗುಳಿಗೆ ಕೊಟ್ಟರು. ಹೆಚ್ಚು ಕುಡಿಯುವವರು ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ ಎಂದು ಅವರೇ ಹೇಳಿದ್ದು. ದೇವರು ಡಾಕ್ಟರ ಕೈಯಿಂದಲೂ ಬಿಡಿಸುತ್ತಾನೆ, ಅದರಲ್ಲಿ ನಾಚಿಕೆಯದೇನೂ ಇಲ್ಲ. ಆದರೂ ಗುಳಿಗೆಯ ಮಾತು ಬಂದರೆ ಅದ್ಭುತ ಸಣ್ಣದಾಗುತ್ತದೆ ಎಂದು ಮರೆಮಾಚಿದೆ. ನನ್ನ ಸಾಕ್ಷಿ ಕೇಳಿ ಮನೆಗೆ ಹೋಗಿ ಒಮ್ಮೆಲೇ ಕುಡಿತ ಬಿಟ್ಟು ಕಷ್ಟಕ್ಕೆ ಸಿಕ್ಕವರು ಇದ್ದರೇನೋ ಎಂಬ ಭಯ ಈಗಲೂ ನನ್ನನ್ನು ಕಾಡುತ್ತದೆ. ಇದನ್ನು ಓದುವವರಲ್ಲಿ ಅಂಥವರಿದ್ದರೆ ದಯವಿಟ್ಟು ಡಾಕ್ಟರನ್ನು ಕಂಡೇ ಬಿಡಿ.

ಮೋಸದ ಲೆಕ್ಕವನ್ನೂ ತೀರಿಸಿದೆ. ಲೂಕನ ಸುವಾರ್ತೆಯಲ್ಲಿ ಸುಂಕ ವಸೂಲಿಯವರ ಮುಖ್ಯಸ್ಥನಾದ ಜಕ್ಕಾಯನು, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ನನಗೆ ಅಷ್ಟು ಶಕ್ತಿ ಇರಲಿಲ್ಲ. ನೆನಪಿದ್ದ ಹನ್ನೊಂದು ಜನರ ಹೆಸರು ಬರೆದುಕೊಂಡು ಒಬ್ಬೊಬ್ಬರ ಮನೆಗೆ ಹೋದೆ. ಒಬ್ಬರು ಕಪಾಳಕ್ಕೆ ಹೊಡೆದರು. ಇಬ್ಬರು ರೊಕ್ಕ ಬೇಡ ಎಂದರು. ಮಜ್ಜಿಗೆ ಕೊಟ್ಟ ಹಿರಿಯರಿಗೆ ಮೋಟಾರನ್ನು ಪುಕ್ಕಟೆ ಸುತ್ತಿಕೊಟ್ಟು, ಬೆಳೆಯ ನಷ್ಟದಲ್ಲಿ ನನ್ನಿಂದಾದಷ್ಟನ್ನು ಮೂರು ಕಂತಿನಲ್ಲಿ ಮುಟ್ಟಿಸಿದೆ.

ಇಷ್ಟಾದ ಮೇಲೆ ಹೊಸ ಸೃಷ್ಟಿಯಾದೆ, ಹಳೆಯದೆಲ್ಲ ಹೋಯಿತು ಎಂದು ನಂಬಿದೆ. ಜನರೂ ನಂಬಿದರು. ಸಾಕ್ಷಿಯ ಕೊನೆಗೆ ಒಂದು ಹೋಲಿಕೆ ಹೇಳುತ್ತಿದ್ದೆ: "ನಾನು ಸುಟ್ಟ ಮೋಟಾರಾಗಿದ್ದೆ. ಕರ್ತನು ನನ್ನೊಳಗಿನ ಕರಕಲು ತಂತಿ ಕಿತ್ತು ಹೊಸದನ್ನು ಸುತ್ತಿದನು." ಎಲ್ಲರಿಗೂ ಅದು ಹಿಡಿಸುತ್ತಿತ್ತು. ಈಗ ಆ ಹೋಲಿಕೆ ಹೇಳುವುದಿಲ್ಲ. ಮೋಟಾರಿಗೆ ತನ್ನ ಹಳೇ ತಂತಿಯ ಮೇಲೆ ಆಸೆ ಇರುವುದಿಲ್ಲ. ನನಗಿತ್ತು.

2011ರ ಒಂದು ಭಾನುವಾರ ರಾತ್ರಿ. ಗುಳೇದಗುಡ್ಡದಲ್ಲಿ ಉಜ್ಜೀವನ ಕೂಟ, ಅಂದರೆ ನಂಬಿಕೆಯನ್ನು ಮತ್ತೆ ಎಚ್ಚರಿಸುವ ಪ್ರಾರ್ಥನಾ ಸಭೆ, ಮುಗಿಸಿ ಬಸ್ಸು ಹಿಡಿದು ಮನೆಗೆ ಬಂದಾಗ ಹನ್ನೊಂದು ಗಂಟೆ. ಅಲ್ಲಿ ಇಬ್ಬರು ತರುಣರು ನನ್ನ ಕೈ ಹಿಡಿದು ಅತ್ತಿದ್ದರು. ಮನಸ್ಸು ಬಹಳ ಮೇಲೆ ಹೋಗಿತ್ತು. ಮನೆಯಲ್ಲಿ ಸಾರು ಹಳಸಿತ್ತು. ಅಷ್ಟೇ. ಹೆಂಡತಿ ಬೇರೆ ಮಾಡಿಕೊಡುತ್ತೇನೆಂದು ಎದ್ದಳು. ಅಷ್ಟರಲ್ಲಿ ನನ್ನ ಬಾಯಿ ತೆರೆದಿತ್ತು. ಮೊದಲು ಸಾರಿನ ಮಾತು, ಆಮೇಲೆ ಅವಳ ಲಕ್ಷ್ಯದ ಮಾತು, ಆಮೇಲೆ ಅವಳ ತವರುಮನೆಯ ಮಾತು. ಕೊನೆಗೆ, "ನಿಮ್ಮಪ್ಪ ಊರ ತುಂಬ ಸಾಲಾ ಮಾಡಿ ಸತ್ತ, ನೀನೂ ಅದ ತಳಿ" ಎಂದೆ. ಮಾವ ತೀರಿ ಆಗಿನ್ನೂ ನಾಲ್ಕು ತಿಂಗಳು. ಕೂಗಿ ಹೇಳಲಿಲ್ಲ. ಮೆಲ್ಲಗೆ, ಎಲ್ಲಿ ತಾಗುತ್ತದೆ ಎಂದು ನೋಡಿ, ಅಲ್ಲಿಗೇ ಹೇಳಿದೆ. ಮಗಳು ಹಾಸಿಗೆಯಲ್ಲಿ ಎಚ್ಚರವಿದ್ದಳು. ಮುಸುಕು ತಲೆಯ ಮೇಲಕ್ಕೆ ಎಳೆದುಕೊಂಡದ್ದು ನನಗೆ ಕಾಣಿಸಿತು.

ಹೆಂಡತಿ ಒಲೆಯ ಮುಂದೆ ನಿಂತೇ ಹೇಳಿದಳು: "ಕುಡದಾಗ ಬೈತಿದ್ರಿ, ಮುಂಜಾನೆದ್ದ ಮರೀತಿದ್ರಿ. ಈಗ ಎಲ್ಲಾ ನೆನಪಿಟಗೊಂಡ ಬೈತೀರಿ. ನನಗ ಈಗಿಂದ ಹೆಚ್ಚ ನೋವಾಗ್ತೈತಿ."

ಆ ಮಾತಿಗೆ ಉತ್ತರ ಇರಲಿಲ್ಲ. ಹಿಂದೆ ಎಲ್ಲ ತಪ್ಪನ್ನೂ ಸಾರಾಯಿಯ ಮೇಲೆ ಹಾಕಬಹುದಿತ್ತು. ಆರು ವರ್ಷದಿಂದ ಸಾರಾಯಿ ಇಲ್ಲ. ಹಾಗಾದರೆ ಈ ಬಾಯಿ ಯಾರದು?

ಮುಂದಿನ ಕೆಲವು ತಿಂಗಳು ಬಹಳ ಕಷ್ಟದಲ್ಲಿ ಕಳೆದೆ. ಸತ್ಯವೇದದಲ್ಲಿ ಪತ್ರಿಕೆ ಎಂದರೆ ಸಭೆಗಳಿಗೆ ಬರೆದ ಕಾಗದ. ಯೋಹಾನನ ಮೊದಲನೇ ಪತ್ರಿಕೆಯ ಮೂರನೇ ಅಧ್ಯಾಯದಲ್ಲಿ ದೇವರಿಂದ ಹುಟ್ಟಿದವನು ಪಾಪ ಮಾಡುವುದಿಲ್ಲ ಎಂದಿದೆ. ಓದಿದಾಗಲೆಲ್ಲ ಎದೆ ಬಡಿದುಕೊಳ್ಳುತ್ತಿತ್ತು. ಪಾಪ ಮಾಡುತ್ತಿದ್ದೇನೆ, ಹಾಗಾದರೆ ನಾನು ಹುಟ್ಟಿಯೇ ಇಲ್ಲವೇ? 2005ರ ಆ ರಾತ್ರಿ ಬರೀ ಅಳುವೇ? ಬೇರೆ ಊರಿನ ಬೋಧಕರೊಬ್ಬರು, ನಿನಗೆ ಹೊಸಹುಟ್ಟಿನ ಮೇಲೆ ಇನ್ನೊಂದು, ಎರಡನೇ ಅನುಭವ ಆಗಬೇಕು, ಅದಾದರೆ ಸಿಟ್ಟಿನ ಬೇರೇ ಕಿತ್ತುಹೋಗುತ್ತದೆ ಎಂದರು. ಮೂರು ದಿನ ಉಪವಾಸವಿದ್ದು ಪ್ರಾರ್ಥನೆ ಮಾಡಿಸಿಕೊಂಡೆ. ಒಂದು ತಿಂಗಳು ಹೂವಿನಂತಿದ್ದೆ. ಆಮೇಲೆ ಒಂದು ಸಂಜೆ, ಕೊಟ್ಟ ರೊಕ್ಕ ವಾಪಸು ಬರದ ಸಿಟ್ಟನ್ನು ಅಂಗಡಿಯ ಹುಡುಗನ ಮೇಲೆ ತೀರಿಸಿಕೊಂಡೆ. ಈ ಸಲ ಬಿದ್ದ ಪೆಟ್ಟು ಮೊದಲಿನದಕ್ಕಿಂತ ಜೋರಾಗಿತ್ತು, ಯಾಕೆಂದರೆ ಇನ್ನು ಮಾಡಿಸಿಕೊಳ್ಳಲು ಬೇರೆ ಪ್ರಾರ್ಥನೆ ಉಳಿದಿರಲಿಲ್ಲ.

ಆಗ ನಮ್ಮೂರಲ್ಲೇ ನಿವೃತ್ತರಾಗಿದ್ದ ಒಬ್ಬ ಅಯ್ಯನವರ ಬಳಿ ಹೋದೆ. ಮಂಗಳೂರಿನ ಬಲ್ಮಠದಲ್ಲಿ ದೇವಜ್ಞಾನ ಓದಿದವರು. ಕಣ್ಣು ಮಂಜಾಗಿತ್ತು, ಪುಸ್ತಕವನ್ನು ಮೂಗಿಗೆ ಹಚ್ಚಿ ಓದುತ್ತಿದ್ದರು. ನಾನು ಎಲ್ಲ ಹೇಳಿದೆ. ಅವರು ಅದೇ ಪತ್ರಿಕೆಯ ಮೊದಲನೇ ಅಧ್ಯಾಯ ತೆಗೆದು, ನಮ್ಮಲ್ಲಿ ಪಾಪವಿಲ್ಲವೆಂದು ಹೇಳಿದರೆ ನಮ್ಮನ್ನು ನಾವೇ ಮೋಸಪಡಿಸಿಕೊಳ್ಳುತ್ತೇವೆ ಎಂಬ ಮಾತಿನ ಮೇಲೆ ಬೆರಳಿಡಲು ಹೇಳಿದರು. "ಒಬ್ಬಾತನ ಕೈಯಾಗ, ಒಂದ ಕಾಗದದಾಗ, ಎರಡೂ ಬರದಾವ. ಒಂದ ಹಿಡದು ಒಂದ ಬಿಟ್ಟಿ ನೀ." ಮೂರನೇ ಅಧ್ಯಾಯದ ಗ್ರೀಕು ಕ್ರಿಯಾಪದ ವರ್ತಮಾನದ್ದು, ಪಾಪವನ್ನೇ ಬದುಕಾಗಿಸಿಕೊಂಡು ಮಾಡುತ್ತಲೇ ಇರುವುದನ್ನು ಅದು ಹೇಳುತ್ತದೆ ಎಂದು ಬಹಳ ಪಂಡಿತರು ಅರ್ಥ ಮಾಡುತ್ತಾರೆ ಎಂದರು. ಆಮೇಲೆ ಕೇಳಿದರು, "ಬೈದ ಮ್ಯಾಲ ನಿದ್ದಿ ಬರತೈತೇನು?" ಇಲ್ಲ ಎಂದೆ. "ಕುಡೀತಿದ್ದಾಗ ಬರತಿತ್ತೇನು?" ಬರುತ್ತಿತ್ತು. ಅವರು ಮುಂದೆ ಏನೂ ಹೇಳಲಿಲ್ಲ, ನನ್ನ ಮುಖವನ್ನೇ ನೋಡುತ್ತ ಕೂತರು.

ಆ ದಿನದಿಂದ ಸುಮಾರು ಒಂದು ವರ್ಷ, ವಾರಕ್ಕೊಮ್ಮೆ ಅವರ ಪಡಸಾಲೆಯಲ್ಲಿ ಕೂತು ರೋಮಾಪುರದವರಿಗೆ ಬರೆದ ಪತ್ರಿಕೆ ಓದಿದೆ. ಏಳನೇ ಅಧ್ಯಾಯದಲ್ಲಿ ಅದನ್ನು ಬರೆದ ಅಪೊಸ್ತಲ ಪೌಲನು ತಾನು ಬಯಸುವ ಒಳ್ಳೆಯದನ್ನು ಮಾಡದೆ, ಒಲ್ಲದ ಕೆಟ್ಟದ್ದನ್ನೇ ಮಾಡುತ್ತೇನೆಂದು ಗೋಳಾಡುತ್ತಾನೆ. ಅದು ಯಾರ ಗೋಳು ಎಂಬುದರ ಮೇಲೆ ಸಭೆಯಲ್ಲಿ ಸಾವಿರಕ್ಕೂ ಹೆಚ್ಚು ವರ್ಷದ ಚರ್ಚೆಯಿದೆಯಂತೆ. ಹಳೇ ಕಾಲದ ಸಭಾಪಂಡಿತ ಅಗಸ್ಟೀನನು ಮೊದಲು, ಇದು ಇನ್ನೂ ಕೃಪೆ ಕಾಣದೆ ಧರ್ಮಶಾಸ್ತ್ರದ ಕೆಳಗಿರುವವನ ಮಾತು ಎಂದು ತಿಳಿದಿದ್ದನಂತೆ. ವಯಸ್ಸಾದ ಮೇಲೆ ಅಭಿಪ್ರಾಯ ಬದಲಿಸಿ, ಇದು ವಿಶ್ವಾಸಿಯ ಗೋಳೂ ಹೌದು ಎಂದನಂತೆ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಅದನ್ನೇ ಮುಂದುವರಿಸಿ, ನಂಬಿದವನು ಒಂದೇ ಹೊತ್ತಿಗೆ ನೀತಿವಂತನೂ ಪಾಪಿಯೂ ಆಗಿರುತ್ತಾನೆ ಎಂದು ಕಲಿಸಿದರು. 1517ರಲ್ಲಿ ಅವರು ಹೊರಡಿಸಿದ 95 ವಾದಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬದುಕೇ ಪಶ್ಚಾತ್ತಾಪವಾಗಿರಬೇಕು ಎಂಬುದು. ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಬೇರೆ ದಾರಿ ಹಿಡಿದರು. ಇದೇ ಬದುಕಿನಲ್ಲಿ ದೇವರ ಪ್ರೀತಿ ಮನುಷ್ಯನನ್ನು ಪೂರ್ತಿ ತುಂಬಬಹುದು ಎಂದು ನಂಬಿದರು. ಅಯ್ಯನವರು ವೆಸ್ಲಿಯನ್ನು ಬಹಳ ಗೌರವದಿಂದ ಓದುತ್ತಿದ್ದರು. "ಲೂಥರ್ ನಿನಗ ಹತಾಶ ಆಗಗೊಡಂಗಿಲ್ಲ, ವೆಸ್ಲಿ ನಿನಗ ಸುಮ್ನ ಕುಂಡ್ರಗೊಡಂಗಿಲ್ಲ" ಎಂದು ಹೇಳಿದ್ದು ನೆನಪಿದೆ.

ಸುಮ್ಮನೆ ಕೂರುವ ಅಪಾಯ ನನಗೇ ಬಂತು. ರೋಮಾಪುರದವರ ಏಳನೇ ಅಧ್ಯಾಯ ಸಿಕ್ಕಿದ್ದೇ ಅದನ್ನು ಕೊಡೆಯಂತೆ ಹಿಡಿದೆ. ಇನ್ನೊಂದು ಸಲ ಬಾಯಿ ಮಾಡಿದಾಗ ಹೆಂಡತಿಗೆ, "ಇದು ನಾನಲ್ಲ, ನನ್ನೊಳಗಿನ ಶರೀರಭಾವ, ಪೌಲನಿಗೂ ಇತ್ತು" ಎಂದು ಉಪದೇಶ ಮಾಡಿದೆ. ಅವಳು ಕಣ್ಣೀರು ಒರೆಸಿಕೊಂಡು, "ಪೌಲ ಯಾರಿಗೆ ಅಂದಿದ್ನೋ ಅವರ ಮುಂದ ಹೋಗಿ ಕ್ಷಮಾ ಕೇಳಿದ್ನೋ ಇಲ್ಲೋ?" ಎಂದು ಕೇಳಿದಳು. ಪೌಲನು ತನ್ನೊಳಗಿನ ಪಾಪವನ್ನು ಬೇರೆಯಾಗಿ ಕಂಡದ್ದು ಅದನ್ನು ಕೊಲ್ಲುವುದಕ್ಕೆ. ನಾನು ಅದನ್ನು ಬೇರೆಯಾಗಿ ಕಂಡದ್ದು ಹೊಣೆ ಕಳಚಿಕೊಳ್ಳುವುದಕ್ಕೆ. ಮುಂದಿನ ಅಧ್ಯಾಯದಲ್ಲೇ ದೇಹದ ದುರಭ್ಯಾಸಗಳನ್ನು ಆತ್ಮನ ಸಹಾಯದಿಂದ ಸಾಯಿಸಬೇಕು ಎಂದು ಅವನು ಬರೆದಿದ್ದಾನೆ. ಅಲ್ಲಿಗೆ ನಾನು ಹೋಗಿರಲೇ ಇಲ್ಲ.

2012ರ ಮೊದಲ ತಿಂಗಳುಗಳ ಒಂದು ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನದ ಆರಾಧನೆ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಭೋಜನಕ್ಕೆ ಮುಂಚೆ ಸಮಾಧಾನ ಹಂಚುವ ಕ್ರಮವಿದೆ. ಅಯ್ಯನವರ ಕೈಯಿಂದ ಹೊರಟ ಸಮಾಧಾನ ಒಬ್ಬರಿಂದೊಬ್ಬರಿಗೆ ದಾಟುತ್ತ ಹಿಂದಿನ ಬೆಂಚಿನವರೆಗೆ ಬರುತ್ತದೆ. ಕೊಡುವವನು ತನ್ನ ಬಲ ಅಂಗೈಯನ್ನು ತೆಗೆದುಕೊಳ್ಳುವವನ ಬಲ ಅಂಗೈಗೆ ಹಚ್ಚಿ, ಇಬ್ಬರೂ ಎಡಗೈಯನ್ನು ಮೇಲೆ ಮುಚ್ಚುತ್ತಾರೆ. ನಮ್ಮಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಪಕ್ಕದ ಮುದುಕಪ್ಪನ ಒರಟು ಕೈ ನನ್ನ ಕೈಗೆ ಸಮಾಧಾನ ಕೊಟ್ಟಿತು. ನಾನು ಅದನ್ನು ಈ ಕಡೆಯ ಹುಡುಗನಿಗೆ ದಾಟಿಸಿದೆ. ಅದೇ ಹೊತ್ತಿಗೆ ಆಚೆಯ ಸಾಲಿನಲ್ಲಿ ಹೆಂಡತಿ ಮಗಳ ಕೈ ಮುಚ್ಚುತ್ತಿದ್ದದ್ದು ಕಂಡಿತು. ಹನ್ನೊಂದು ದಿನದಿಂದ ನಮ್ಮಿಬ್ಬರ ನಡುವೆ ಉಪ್ಪು, ನೀರು, ಬೀಗದ ಕೈ ಬಿಟ್ಟರೆ ಬೇರೆ ಮಾತಿರಲಿಲ್ಲ. ನಾನು ಸಮಾಧಾನ ಕೊಡಬೇಕಾದವಳು ಎರಡು ಗಜ ದೂರದಲ್ಲಿ ನಿಂತಿದ್ದಳು, ಆ ಎರಡು ಗಜ ನನ್ನಿಂದ ದಾಟಲಾಗಲಿಲ್ಲ. ಭೋಜನಕ್ಕೆ ನಾನು ಏಳಲಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಎಂದು ಯೇಸು ಹೇಳಿದ್ದು ಗೊತ್ತಿತ್ತು. ಸಾಲುಸಾಲಾಗಿ ಜನ ಹೋಗಿ ಮೊಣಕಾಲೂರಿ ಬರುತ್ತಿದ್ದರು. ನಾನು ಬೆಂಚಿನ ಅಂಚು ಹಿಡಿದು ಕೂತಿದ್ದೆ. ಎಲ್ಲರೂ ನೋಡಿದರು. ಸಾಕ್ಷಿ ಹೇಳುವ ಮನುಷ್ಯ ಭೋಜನಕ್ಕೆ ಏಳಲಿಲ್ಲ.

ಮನೆಗೆ ಬಂದಾಗ ಅವಳು ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿದ್ದಳು. ಎದುರಿಗೆ ನೆಲಕ್ಕೆ ಕೂತೆ. ಸಾವಿರ ಜನರ ಮುಂದೆ ಕುಡುಕನಾಗಿದ್ದೆ ಎಂದು ಹೇಳಿದ ಬಾಯಿಗೆ ಒಬ್ಬಳ ಮುಂದೆ ಮಾತು ಹೊರಡುತ್ತಿಲ್ಲ. 'ಏನಾದರೂ ತಪ್ಪಾಗಿದ್ದರೆ' ಎಂದು ಶುರು ಮಾಡಲು ಮನಸ್ಸು ಎಳೆಯುತ್ತಿತ್ತು. ಬಿಟ್ಟೆ. "ಅವತ್ತ ರಾತ್ರಿ ನಿಮ್ಮಪ್ಪನ ಸಾಲದ ಮಾತ ಎತ್ತಿದೆ. ನಿನಗ ನೋವಾಗ್ಲಿ ಅಂತನ ಎತ್ತಿದೆ. ಅದು ಪಾಪ. ನನ್ನ ಕ್ಷಮಿಸು" ಎಂದೆ.

ಅವಳು ತಲೆ ಎತ್ತಲಿಲ್ಲ. ಒಂದು ಕಲ್ಲು ಆರಿಸಿ ಪೇಪರಿನ ಮೇಲಿಟ್ಟಳು. "ಅದೊಂದ ಅಲ್ರಿ" ಎಂದಳು. ಆಮೇಲೆ ಒಂದೊಂದಾಗಿ ಹೇಳತೊಡಗಿದಳು. ಮದುವೆಯಾದ ವರ್ಷದ್ದು. ಮಗಳು ಹುಟ್ಟಿದಾಗ ಗಂಡು ಮಗುವಲ್ಲ ಎಂದು ಆಡಿದ್ದು. ಅವ್ವನ ಮುಂದೆ ಆಡಿದ್ದು. ನನಗೆ ನೆನಪೇ ಇಲ್ಲದವು, ನೆನಪಿದ್ದೂ ಮರೆತಂತಿದ್ದವು. ಪ್ರತಿಯೊಂದಕ್ಕೂ ನನ್ನ ಬಾಯಿಗೆ ಒಂದು 'ಆದರ' ಬರುತ್ತಿತ್ತು. ನಾನು ಹೇಳಿದ್ದು ಹಾಗಲ್ಲ, ಅವತ್ತು ನೀನೂ ಹಾಗೆ ಅಂದಿದ್ದಿ. ಹಲ್ಲು ಕಚ್ಚಿ ಒಂದೊಂದನ್ನೂ ನುಂಗಿದೆ. ಬೋರಿನಿಂದ ಮೋಟಾರು ಎತ್ತುವಾಗಲೂ ನನ್ನ ಮೈ ಅಷ್ಟು ಬೆವತಿರಲಿಲ್ಲ. ಪಾಪದ ಸಂಗಡ ಹೋರಾಟ ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ಕಣ್ಮುಂದೆ ಬರುವುದು ಆ ಮಧ್ಯಾಹ್ನ: ಬಾಯಿ ಮುಚ್ಚಿಕೊಂಡು ಕೇಳಿದ ಆ ಒಂದು ತಾಸು. ಮೊರದ ಜೋಳ ಎಂದೋ ಸ್ವಚ್ಛವಾಗಿತ್ತು, ಅವಳು ಕೈಯಾಡಿಸುತ್ತಲೇ ಇದ್ದಳು. ಅವತ್ತು ಅವಳು ಕ್ಷಮಿಸಿದೆ ಎನ್ನಲಿಲ್ಲ. ಕ್ಷಮೆಗೆ ಬಹಳ ದಿನ ಬೇಕಾಯಿತು, ಮತ್ತು ಅದು ಅವಳ ಹಕ್ಕು. ಹೆಂಡಂದಿರಿಗೆ ಬೇಗ ಕ್ಷಮಿಸಿಬಿಡಿ ಎಂದು ಒತ್ತಾಯಿಸುವ ಬೋಧನೆ ಕೇಳಿದಾಗ ನನಗೆ ಸಂಕಟವಾಗುತ್ತದೆ.

ಅಲ್ಲಿಂದೀಚೆಗೆ ನಡೆದದ್ದರಲ್ಲಿ ದೊಡ್ಡ ಸಂಗತಿ ಯಾವುದೂ ಇಲ್ಲ. ಸತ್ಯವೇದದ 141ನೇ ಕೀರ್ತನೆಯಲ್ಲಿ ಬಾಯಿಗೆ ಕಾವಲು ಇರಿಸು ಎಂಬ ಬೇಡಿಕೆಯಿದೆ. ಅಂಗಡಿಯ ಶಟರ್ ಎಳೆದು ಬೀಗ ಹಾಕುವಾಗ ಅದನ್ನು ಹೇಳಿಕೊಳ್ಳುತ್ತೇನೆ, ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಇನ್ನೊಮ್ಮೆ. ಹಸಿವಾದಾಗ, ರೊಕ್ಕ ಬರದಾಗ ನನ್ನ ನಾಲಿಗೆ ಹರಿತವಾಗುತ್ತದೆ ಎಂದು ಮೊದಲು ತಿಳಿದಿದ್ದೆ. ಅದು ಮೇಲುಮೇಲಿನದು. ಒಳಗೆ ಇರುವುದು, ಮನೆಯಲ್ಲಿ ನನಗೆ ಎಲ್ಲರೂ ಹೆದರಬೇಕು ಎಂಬ ಆಸೆ. ಅಪ್ಪನಿಗೆ ನಾವು ಹಾಗೆ ಹೆದರುತ್ತಿದ್ದೆವು. ಆ ಆಸೆಯನ್ನು ದೇವರ ಮುಂದೆ ಹೆಸರಿಟ್ಟು ಹೇಳಲು ನನಗೆ ಇನ್ನೂ ಎರಡು ವರ್ಷ ಬೇಕಾಯಿತು. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿಕೊಳ್ಳಿರಿ ಎಂದು ಯಾಕೋಬನು ಬರೆದಿದ್ದಾನೆ. ಸಭೆಯ ಒಬ್ಬ ಮಾಸ್ತರರು ಮತ್ತು ನಾನು ಹಾಗೆ ಮಾಡುತ್ತೇವೆ. ಬುಧವಾರ ಬೆಳಿಗ್ಗೆ ಆರಕ್ಕೆ ಫೋನು. ಅವರು ಸುತ್ತಿ ಬಳಸಿ ಕೇಳುವುದಿಲ್ಲ. "ಈ ವಾರ ನಿಮ್ಮ ಮನ್ಯಾಗ ಯಾರರ ಅತ್ರೇನು?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ. ಅವರ ಪಾಪ ಬೇರೆ, ನಾನು ಅವರಿಗೆ ಕೇಳುವ ಪ್ರಶ್ನೆ ಬೇರೆ, ಅದು ನಮ್ಮಿಬ್ಬರ ನಡುವೆ ಇರಲಿ.

ಬಿದ್ದಿಲ್ಲವೇ ಎಂದರೆ, ಬಿದ್ದಿದ್ದೇನೆ. ಮಗಳ ಪಿಯುಸಿ ಫಲಿತಾಂಶದ ದಿನ ಬಿದ್ದೆ. ತಮ್ಮನ ಸಂಗಡ ಮನೆಯ ಪಾಲಿನ ಮಾತಾದಾಗ ಬಹಳ ಕೆಟ್ಟದಾಗಿ ಬಿದ್ದೆ. ಹೊಸಹುಟ್ಟು ಆದದ್ದೇ ಸುಳ್ಳು ಎಂಬ ಭಯ ಈಗ ಮೊದಲಿನಷ್ಟು ಬರುವುದಿಲ್ಲ. ಗಲಾತ್ಯದವರಿಗೆ ಬರೆದ ಪತ್ರಿಕೆ ಶರೀರಭಾವವೂ ಆತ್ಮನೂ ಒಂದಕ್ಕೊಂದು ವಿರುದ್ಧವಾಗಿ ನಿಂತಿವೆ ಎನ್ನುತ್ತದೆ. 2005ಕ್ಕೆ ಮುಂಚೆ ನನ್ನೊಳಗೆ ಇಂಥ ಎದುರುಬದುರು ನಿಲ್ಲುವಿಕೆ ಇರಲೇ ಇಲ್ಲ. ಮೋಸ ಮಾಡಿ, ಕುಡಿದು, ಬೈದು, ಗೊರಕೆ ಹೊಡೆಯುತ್ತಿದ್ದೆ. ಅಯ್ಯನವರು ಅವತ್ತು ನಿದ್ದೆಯ ವಿಷಯ ಯಾಕೆ ಕೇಳಿದರು ಎಂಬುದು ನನಗೆ ತಡವಾಗಿ ತಿಳಿಯಿತು. ಅಷ್ಟರಲ್ಲಿ ಅವರು ಕರ್ತನ ಬಳಿಗೆ ಸೇರಿದ್ದರು.

ಸಾಕ್ಷಿ ಈಗಲೂ ಹೇಳುತ್ತೇನೆ, ಕರೆದರೆ. ಆರೇಳು ನಿಮಿಷ ಸಾಕಾಗುತ್ತದೆ. ದವಾಖಾನೆಯನ್ನೂ ಗುಳಿಗೆಯನ್ನೂ ಹೇಳುತ್ತೇನೆ. ಕೊನೆಗೆ, ನನ್ನ ನಾಲಿಗೆ ಇನ್ನೂ ಪೂರ್ತಿ ಕರ್ತನದಾಗಿಲ್ಲ, ನನ್ನ ಮನೆಯವರಿಗಾಗಿ ಪ್ರಾರ್ಥಿಸಿರಿ ಎಂದು ಕೇಳುತ್ತೇನೆ. ಮೊದಲಿನಷ್ಟು ಕಡೆ ಈಗ ಕರೆಯುವುದಿಲ್ಲ. ಕೂಟ ಮುಗಿದ ಮೇಲೆ ಹೊರಗೆ ಕತ್ತಲಲ್ಲಿ ಒಬ್ಬರೋ ಇಬ್ಬರೋ ಗಂಡಸರು ಬಂದು, ಚಪ್ಪಲಿಯ ತುದಿ ನೋಡುತ್ತ, "ನಂದೂ ಅದ ಐತ್ರಿ" ಎನ್ನುತ್ತಾರೆ. ಹಿಂದೆ ನನ್ನ ಕೈ ಹಿಡಿದು ಅಳುತ್ತಿದ್ದವರಿಗಿಂತ ಇವರ ಬಗ್ಗೆ ನನಗೆ ಹೆಚ್ಚು ಭರವಸೆಯಿದೆ.

ಹೋದ ಮಂಗಳವಾರ ಹೊಸ ಸ್ಟಾರ್ಟರಿನ ಬಿಲ್ಲು ಕಾಣದೆ ಮನೆಯೆಲ್ಲ ಹುಡುಕುತ್ತಿದ್ದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. "ಇಟ್ಟದ್ದ ಒಂದರ ಜಾಗಾದಾಗ ಇರತೈತೇನ್ ಈ ಮನ್ಯಾಗ" ಎಂದೆ, ಅದೇ ಹಳೇ ಮೆಲ್ಲನೆಯ ದನಿಯಲ್ಲಿ. ಬಡಿಯುವ ಸಪ್ಪಳ ಒಂದು ಗಳಿಗೆ ನಿಂತಿತು. ಆ ನಿಂತದ್ದು ನನಗೆ ಕೇಳಿಸಿತು. ಹಿಂದೆ ಕೇಳಿಸುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. "ಬಿಲ್ಲ ಕಳಕೊಂಡಾಂವ ನಾನು, ಚುಚ್ಚಿದ್ದು ನಿನಗ. ತಪ್ಪಾತು" ಎಂದೆ. ಅವಳು ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿ, ಉಬ್ಬುವವರೆಗೆ ನೋಡಿದಳು.

"ಕುಂಡ್ರಿ, ಮದ್ಲ ಉಣ್ರಿ. ಬಿಲ್ಲ ಆಮ್ಯಾಲ ಇಬ್ರೂ ಕೂಡಿ ಹುಡಕೋಣು" ಅಂದಳು.